ಜೊತೆಗೆ ಕೂತವರು ಯಾರು?

ಹೋದ ತಿಂಗಳು ಇದೇ ಅಂಕಣದಲ್ಲಿ ಗಂಡನ ಕುಡಿತದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟಿನಲ್ಲಿ ಐದಾರು ಬೇರೆ ಥರ ಇದ್ದವು. ‘ಅಕ್ಕಾರ, ನಮ್ಮನೆಯಲ್ಲಿ ಕುಡಿಯೋದು ನಾನೇ’ ಎಂದು ಒಂದು ಶುರುವಾಗಿತ್ತು. ಅದನ್ನು ಮಗಳ ಗಣಿತದ ನೋಟ್‌ಬುಕ್ಕಿನ ಹಾಳೆ ಹರಿದು ಬರೆದಿದ್ದರು. ಹಿಂಬದಿಯಲ್ಲಿ ಅರ್ಧ ಮುಗಿದ ಭಾಗಾಕಾರ ಹಾಗೇ ಇತ್ತು. ಈ ಸಲದ ಅಂಕಣ ಪೂರ್ತಿ ಈ ಪತ್ರಗಳಿಗೇ. ಗುರುತು ಸಿಗದ ಹಾಗೆ ಊರು, ವಯಸ್ಸು ಸ್ವಲ್ಪ ಬದಲಿಸಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಇಬ್ಬರು ಮಕ್ಕಳು, ಸಣ್ಣವನಿಗೆ ಎರಡೂವರೆ. ಯಜಮಾನರು ಮದುವೆಗೆ ಮೊದಲಿಂದಲೂ ಕುಡಿಯುತ್ತಿದ್ದರು. ರಾತ್ರಿ ಬಾರಿನಿಂದ ಬರುವಾಗ ಎರಡು ಸಲ ಬೈಕಿನಿಂದ ಬಿದ್ದರು. ‘ನೀನು ಜೊತೆಗೆ ಕೂತರೆ ನಾನು ಹೊರಗೆ ಹೋಗುವುದಿಲ್ಲ’ ಎಂದರು. ಮನೆಯಲ್ಲಾದರೂ ಇರಲಿ ಎಂದು ಕೂತೆ. ಅವರೇ ಹಾಕಿಕೊಟ್ಟರು. ನಾಲ್ಕು ವರ್ಷವಾಯಿತು. ಈಗ ಅವರಿಲ್ಲದಾಗಲೂ ಬೇಕು. ಪ್ಯಾಕೆಟ್ಟನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕೈ ನಡುಗುತ್ತದೆ. ಎದುರು ಮನೆಯ ಅಕ್ಕ ಬಂದು ಕೈಜೋಡಿಸುತ್ತಾರೆ. ಅವರಿಗೆ ಗೊತ್ತಿದೆಯೋ ಇಲ್ಲವೋ, ಏನೂ ಕೇಳುವುದಿಲ್ಲ. ಯಜಮಾನರು ಹದಿನೈದು ವರ್ಷದಿಂದ ಕುಡಿದೂ ದಿನಾ ಅಂಗಡಿಗೆ ಹೋಗುತ್ತಾರೆ, ನಾನು ಮಾತ್ರ ಇಷ್ಟು ಬೇಗ ಹೀಗಾದೆ. ಈಗ ಅವರೇ ನನ್ನನ್ನು ‘ಕುಡುಕಿ’ ಎನ್ನುತ್ತಾರೆ. ಅತ್ತೆ ಮಕ್ಕಳನ್ನು ಇಟ್ಟುಕೊಂಡು ತವರಿಗೆ ಅಟ್ಟುತ್ತೇನೆ ಎನ್ನುತ್ತಾರೆ. ಶ್ರಾವಣದಲ್ಲಿ ನಾಲ್ಕು ದಿನ ಬಿಟ್ಟಿದ್ದೆ. ಮೂರನೇ ದಿನ ಗೋಡೆ ತುಂಬ ಇರುವೆ ಹರಿದಾಡಿದ ಹಾಗೆ ಕಂಡಿತು. ಹೆದರಿ ಮತ್ತೆ ಕುಡಿದೆ. ಯಾರಿಗೂ ತಿಳಿಯದ ಹಾಗೆ ಬಿಡುವುದು ಹೇಗೆ?
– ಹೆಸರು ಬೇಡ, ಗದಗ-ಬೆಟಗೇರಿ

ಉತ್ತರ: ತಂಗಿ, ಮೊದಲು ಆ ಇರುವೆಗಳ ಮಾತು. ಅದು ಹುಚ್ಚಲ್ಲ, ಯಾರೂ ಮಾಟ ಮಾಡಿಸಿದ್ದೂ ಅಲ್ಲ. ದಿನಾ ಕುಡಿದು ಒಗ್ಗಿಹೋದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಮಿದುಳು ಹೀಗೆ ಕೆರಳುತ್ತದೆ. ಕೊನೆಯ ಗುಟುಕಾಗಿ ಆರೇಳು ತಾಸಿಗೆ ಕೈ ನಡುಕ, ಬೆವರು ಶುರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಇಲ್ಲದ ದನಿ ಕೇಳುವುದು, ಎಲ್ಲಿದ್ದೇನೆಂಬುದೇ ತಿಳಿಯದಿರುವುದು ಆಗಬಹುದು. ಇದರಲ್ಲಿ ಜೀವ ಹೋದವರೂ ಇದ್ದಾರೆ. ಆದ್ದರಿಂದ ಮನೆಯಲ್ಲಿ ಒಬ್ಬರೇ, ದೇವರ ಮುಂದೆ ಆಣೆ ಮಾಡಿ, ಒಮ್ಮೆಲೇ ಬಿಡಬೇಡಿ. ಆಸ್ಪತ್ರೆಯಲ್ಲಿ ವಾರ-ಹತ್ತು ದಿನ ಗುಳಿಗೆ ಕೊಟ್ಟು, ದಿನದಿನಕ್ಕೆ ಅದನ್ನು ಇಳಿಸುತ್ತಾ, ಬಿ1 ವಿಟಮಿನ್ ಕೊಟ್ಟು ಆ ದಿನಗಳನ್ನು ದಾಟಿಸುತ್ತಾರೆ. ಶ್ರಾವಣದಲ್ಲಿ ನಿಮ್ಮ ಮನಸ್ಸು ಗಟ್ಟಿಯಾಗಿಯೇ ಇತ್ತು. ಔಷಧಿಯ ಆಸರೆ ಇರಲಿಲ್ಲ, ಅಷ್ಟೇ.

ಇಷ್ಟು ಬೇಗ ಹೀಗಾದೆ ಎಂದಿರಲ್ಲ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಹೆಂಗಸರ ಮೈಯಲ್ಲಿ ನೀರಿನಂಶ ಗಂಡಸರಿಗಿಂತ ಕಡಿಮೆ. ಹೊಟ್ಟೆಯಲ್ಲಿ ಹೆಂಡವನ್ನು ಒಡೆಯುವ ಕಿಣ್ವವೂ ಕಡಿಮೆ. ಇಬ್ಬರೂ ಒಂದೇ ಅಳತೆ ಕುಡಿದರೂ ನಿಮ್ಮ ರಕ್ತದಲ್ಲಿ ಜಾಸ್ತಿ ಸೇರುತ್ತದೆ. ಲಿವರ್‌ಗೆ ಪೆಟ್ಟು ಬೀಳುವುದೂ ಬೇಗ. ಚಿಕಿತ್ಸೆಗೆ ಬರುವ ಹೆಂಗಸರಲ್ಲಿ ಮೊದಲ ಗುಟುಕಿನಿಂದ ಬಿಡಲಾಗದ ಹಂತಕ್ಕೆ ಬರುವ ದಾರಿ ಗಂಡಸರಿಗಿಂತ ಚಿಕ್ಕದಾಗಿರುತ್ತದೆ. ಇದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿರುವ ವಿಷಯ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಧಾರವಾಡದಲ್ಲಿ ಆಪ್ತಸಮಾಲೋಚಕಿಯಾಗಿ 22 ವರ್ಷ ಕಳೆದಿದ್ದೇನೆ. ಗಂಡಸರು ಬಂದಾಗ ‘ಯಾಕೆ ಕುಡಿಯಲು ಶುರು ಮಾಡಿದಿರಿ’ ಎಂದರೆ ಗೆಳೆಯರು, ಕೆಲಸದ ದಣಿವು, ಸಾಲ ಎನ್ನುತ್ತಾರೆ. ಹೆಂಗಸರು ಹೆಚ್ಚಾಗಿ ಒಬ್ಬ ಮನುಷ್ಯನ ಹೆಸರು ಹೇಳುತ್ತಾರೆ. ಹಾಕಿಕೊಟ್ಟವನ ಹೆಸರು, ಬಿಟ್ಟುಹೋದವನ ಹೆಸರು, ಹೊಡೆದವನ ಹೆಸರು. ನೀವು ಹೆಂಡದ ಆಸೆಗೆ ಕೂತವರಲ್ಲ. ಗಂಡನ ತಲೆ ರಸ್ತೆಯ ಮೇಲೆ ಒಡೆಯದಿರಲಿ ಎಂದು ಕೂತಿರಿ. ಸಂಸಾರ ಉಳಿಸಲು ಹಿಡಿದ ಲೋಟ ಅದು. ಹಾಗಿರುವಾಗ ಲೋಟವನ್ನು ಮಾತ್ರ ಕಿತ್ತುಕೊಂಡು ‘ಇನ್ನು ಸರಿಹೋಗು’ ಎಂದರೆ ಹೇಗೆ ಸರಿಹೋಗುತ್ತೀರಿ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಆ ತಪ್ಪು ಮಾಡಿದ್ದೆ. ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ಮೂರು ವಾರ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡಿದ್ದಳು. ಮುಖಕ್ಕೆ ಕಳೆ ಬಂದಿತ್ತು. ಕೈಗೆ ಗುಳಿಗೆ ಚೀಟಿ ಕೊಟ್ಟು, ಗಂಡನ ಜೊತೆ ಬಸ್ ಹತ್ತಿಸಿ ಬಂದೆ. ಗಂಡ ಕುಡಿಯುತ್ತಾನೋ ಇಲ್ಲವೋ ಎಂದು ಕೇಳಲೇ ಇಲ್ಲ. ಇಪ್ಪತ್ತು ದಿನಕ್ಕೆ ತಿರುಗಿ ಬಂದಳು. ‘ಹೋದ ದಿನಾನ ಚೀಲದಾಗ ಬಾಟ್ಲಿ ತಂದಿದ್ರುರೀ. ನೀ ಆರಾಮಾಗಿ ಬಂದಿ ಅಂತ ಖುಷಿಗೆ ತಂದೀನಿ ಅಂದ್ರು’ ಎಂದಳು. ಅವತ್ತಿನಿಂದ ಯಾವ ಹೆಂಗಸು ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಮನೆಯಲ್ಲಿ ಇನ್ಯಾರು ಕುಡಿಯುತ್ತಾರೆ?

ಆದ್ದರಿಂದ ನಿಮ್ಮ ಯಜಮಾನರೂ ಬರಬೇಕು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಚಿಕಿತ್ಸೆ ಇದೆ. ಅದರಿಂದ ಕುಡಿತ ಕಡಿಮೆಯಾಗುವುದಲ್ಲದೆ ಜಗಳವೂ ಇಳಿಯುತ್ತದೆ. ಅವರು ಅಷ್ಟಕ್ಕೆ ಒಪ್ಪದಿದ್ದರೆ ಒಂದೇ ಒಂದು ಮಾತು ಪಡೆಯಿರಿ: ಬಾಟಲಿ ಹೊಸ್ತಿಲು ದಾಟಿ ಒಳಗೆ ಬರಬಾರದು. ಅದಕ್ಕೂ ಒಪ್ಪದಿದ್ದರೆ ಆಸ್ಪತ್ರೆಯಿಂದ ನೇರ ಆ ಮನೆಗೆ ಹೋಗಬೇಡಿ. ಮೊದಲ ಒಂದೆರಡು ತಿಂಗಳು ತವರಿನಲ್ಲೋ ಅಕ್ಕನ ಮನೆಯಲ್ಲೋ ಇರಿ. ಅವರು ಬೈಕಿನಿಂದ ಬೀಳದ ಹಾಗೆ ಕಾಯುವ ಕೆಲಸ ಇನ್ನು ನಿಮ್ಮದಲ್ಲ. ಈ ಮಾತು ಕಠಿಣ ಎನಿಸಬಹುದು, ಆದರೂ ಹೇಳಲೇಬೇಕು.

ಮಕ್ಕಳ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತದ ಕಾಯಿಲೆಯೂ ಸೇರಿದೆ. ತಾಯಿ ಚಿಕಿತ್ಸೆಗೆ ದಾಖಲಾದಾಗ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಅಗಲಿಸಬಾರದು ಎಂದು ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಸಣ್ಣ ಮಗನಿಗೆ ಎರಡೂವರೆ. ಡಾಕ್ಟರ ಹತ್ತಿರ ಇದನ್ನು ಮೊದಲೇ ಕೇಳಿ. ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕಾದ್ದೂ ಕಾಯ್ದೆಯ ಮಾತೇ. ಮಕ್ಕಳು ಯಾರ ಹತ್ತಿರ ಇರಬೇಕೆಂಬುದನ್ನು ತೀರ್ಮಾನಿಸುವುದು ಕೋರ್ಟು, ಅತ್ತೆಯ ಸಿಟ್ಟಲ್ಲ. ಅಲ್ಲಿಯವರೆಗೆ ಹೋಗುವಂತಾದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಎಲ್ಲಿಗೆ ಹೋಗುವುದು? ಗದಗದಲ್ಲಿ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಊರಿನ ಮಂದಿ ಕಣ್ಣಿಗೆ ಬೀಳುವ ಅಂಜಿಕೆ ಇದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬನ್ನಿ. 1845ರಲ್ಲಿ ಶುರುವಾದ ಜಾಗ ಅದು. ಮಂದಿ ಇನ್ನೂ ‘ಹುಚ್ಚರ ಆಸ್ಪತ್ರೆ’ ಎನ್ನುವುದನ್ನು ಬಿಟ್ಟಿಲ್ಲ. ಆ ಒಂದು ಹೆಸರಿಗೆ ಅಂಜಿ ಗೇಟಿನಿಂದಲೇ ತಿರುಗಿಹೋದ ಹೆಂಗಸರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಒಳಗೆ ಬಂದವರಿಗೆ ಬೇರೆ ಎಲ್ಲ ಆಸ್ಪತ್ರೆಯ ಹಾಗೇ ಚೀಟಿ, ಬೆಂಚು, ಡಾಕ್ಟರು. ಬರುವ ಮೊದಲು ಮಾತಾಡಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಅದು, ಟೆಲಿ ಮಾನಸ್ ಎನ್ನುತ್ತಾರೆ. ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಯಾರಿಗೂ ತಿಳಿಯದ ಹಾಗೆ ಎಂದಿರಿ. ಊರಿಗೆ ತಿಳಿಯಬೇಕಿಲ್ಲ. ಒಬ್ಬರಿಗೆ ತಿಳಿಯಲಿ. ನಿಮ್ಮ ಪತ್ರದಲ್ಲಿ ಆ ಒಬ್ಬರು ಆಗಲೇ ಇದ್ದಾರೆ. ಕೈ ನಡುಗಿದರೆ ರೊಟ್ಟಿಯ ಅಂಚು ಸೀಳುತ್ತದೆ. ದಿನಾ ರೊಟ್ಟಿ ಬಡಿಯುವ ಹೆಂಗಸಿಗೆ ಅದು ಕಾಣದೆ ಇರುತ್ತದೆಯೇ? ಎದುರು ಮನೆಯ ಅಕ್ಕ ಕಂಡೂ ಏನೂ ಕೇಳದೆ, ಮರುದಿನ ಮತ್ತೆ ಬಂದು ಪಕ್ಕದಲ್ಲಿ ಕೂರುತ್ತಿದ್ದಾರೆ. ನಾಳೆ ಹಿಟ್ಟು ನಾದುವಾಗ ಅವರಿಗೆ ಹೇಳಿ. ‘ಅಕ್ಕಾ, ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ?’ ಎಂದಷ್ಟೇ ಕೇಳಿದರೂ ಸಾಕು.

ಪ್ರಶ್ನೆ: ತಂಗಿಗೆ 29. ಕುಡಿತ ಕಲಿಸಿದ್ದು ಗಂಡನೇ. ಹೊಡೆಯುತ್ತಿದ್ದ. ಕರೆತಂದು ಒಂದು ತಿಂಗಳು ಚಿಕಿತ್ಸೆ ಕೊಡಿಸಿದೆವು. ಐದು ತಿಂಗಳು ಚೆನ್ನಾಗಿದ್ದಳು. ಗಣಪತಿ ಹಬ್ಬದ ಹೊತ್ತಿಗೆ ಅವನು ಫೋನ್ ಮಾಡತೊಡಗಿದ. ಮೂರನೇ ದಿನ ಕುಡಿದು ಬಿದ್ದಿದ್ದಳು. ಈಗ ಅವ್ವ ದಿನಾ ಅವಳ ಬಾಯಿ ಮೂಸಿ ನೋಡುತ್ತಾಳೆ. ಮೊಬೈಲ್ ಕಸಿದುಕೊಂಡಿದ್ದೇವೆ. ಮದುವೆ-ಕಾರ್ಯಕ್ಕೆ ಕರೆದೊಯ್ಯುವುದಿಲ್ಲ. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಎಂದು ಒಬ್ಬರು ಪುಡಿ ಕೊಟ್ಟಿದ್ದಾರೆ. ಹಿರಿಯರು ‘ಗಂಡನ ಮನೆಗೆ ಕಳಿಸಿಬಿಡಿ, ಸಂಸಾರದಲ್ಲಿ ಬಿದ್ದರೆ ಸರಿಹೋಗುತ್ತಾಳೆ’ ಎನ್ನುತ್ತಾರೆ. ಕಳಿಸಬೇಕೇ?
– ಒಬ್ಬ ಅಣ್ಣ, ಹಳೇ ಹುಬ್ಬಳ್ಳಿ

ಉತ್ತರ: ತಮ್ಮಾ, ಪತ್ರ ಓದಿದ ತಕ್ಷಣ ಎದ್ದು ಹೋಗಿ ಆ ಪುಡಿ ಚೆಲ್ಲಿಬಿಡು. ಇಂಥ ಪುಡಿಗಳಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಔಷಧಿ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಒಮ್ಮೆಲೇ ಇಳಿಯುವುದು ಆಗುತ್ತದೆ, ಜೀವಕ್ಕೂ ಅಪಾಯ. ಡಾಕ್ಟರು ಅದನ್ನು ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆಯೇ ಕೊಡುತ್ತಾರೆ. ಕದ್ದು ಕೊಡುವುದು ಚಿಕಿತ್ಸೆಯಲ್ಲ. ಇನ್ನೊಂದು ಮಾತೂ ಇದೆ. ಅವ್ವ ಬಡಿಸಿದ ಸಾರಿನಲ್ಲಿ ಏನೋ ಇದೆ ಎಂದು ತಂಗಿಗೆ ಒಂದು ದಿನ ಗೊತ್ತಾಗುತ್ತದೆ. ಆಮೇಲೆ ಅವಳು ಆ ಮನೆಯಲ್ಲಿ ಯಾರ ಕೈಯ ಊಟವನ್ನು ನಂಬಿ ಉಣ್ಣಬೇಕು?

ಕಳಿಸಬೇಡ. ಹಿರಿಯರ ಮೇಲೆ ನನಗೆ ಗೌರವವಿದೆ, ಆದರೆ ಈ ಮಾತಿನಲ್ಲಿ ಅವರು ತಪ್ಪು. ಮದ್ಯ ಬಿಟ್ಟ ಗಂಡಸಿಗೆ ಸಾಮಾನ್ಯವಾಗಿ ಮನೆಯಲ್ಲಿ ಹೆಂಡತಿ ಕಾದಿರುತ್ತಾಳೆ. ಹೊತ್ತಿಗೆ ಗುಳಿಗೆ ಕೊಡುತ್ತಾಳೆ, ಫಾಲೋ-ಅಪ್ ದಿನ ನೆನಪಿಸುತ್ತಾಳೆ, ಬಸ್ಸಿನಲ್ಲಿ ಜೊತೆಗೆ ಬರುತ್ತಾಳೆ. ಅದಕ್ಕೇ ಎಷ್ಟೋ ಮಂದಿಗೆ ಸಂಸಾರ ಆಸರೆಯಾಗುತ್ತದೆ. ಹೆಂಗಸಿನ ಪಾಲಿಗೆ ಎಷ್ಟೋ ಸಲ ಆ ಸಂಸಾರವೇ ಅವಳನ್ನು ಮತ್ತೆ ಬೀಳಿಸುವ ಜಾಗ. ನಿಮ್ಮ ತಂಗಿ ಐದು ತಿಂಗಳು ಹೆಂಡ ಮುಟ್ಟಲಿಲ್ಲ. ಬೀದಿಯ ತುದಿಯಲ್ಲಿ ಅಂಗಡಿ ಇದ್ದರೂ ಮುಟ್ಟಲಿಲ್ಲ. ಅವನ ದನಿ ಕೇಳಿ ಮೂರು ದಿನಕ್ಕೆ ಮುಟ್ಟಿದಳು. ಯಾವುದನ್ನು ದೂರ ಇಡಬೇಕು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅವನು ಹೊಡೆದದ್ದಕ್ಕೆ, ಕಾಡುವುದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಈಗ ಅವಳು ಎಲ್ಲಿದ್ದಾಳೋ ಅಲ್ಲಿಂದಲೇ, ಅಂದರೆ ಹುಬ್ಬಳ್ಳಿಯಿಂದಲೇ ಅರ್ಜಿ ಹಾಕಬಹುದು. ಫೋನ್ ಮಾಡಿ ಕಾಡಬಾರದು ಎಂಬ ಆದೇಶವನ್ನೂ ಕೋರ್ಟು ಕೊಡಬಹುದು. 181 ಮಹಿಳಾ ಸಹಾಯವಾಣಿ. ಅಲ್ಲಿ ಕೇಳಿದರೆ ಅರ್ಜಿಗೆ ನೆರವಾಗುವ ಸಂರಕ್ಷಣಾಧಿಕಾರಿ ಯಾರು, ಎಲ್ಲಿ ಎಂದು ಹೇಳುತ್ತಾರೆ. ಆದರೆ ಅರ್ಜಿ ಹಾಕುವವಳು ಅವಳು. ನೀನು ಕೇಳು, ತಿಳಿಸು, ಜೊತೆಗೆ ಹೋಗು. ಅವಳ ಪರವಾಗಿ ನೀನೇ ತೀರ್ಮಾನ ಮಾಡಬೇಡ. ಅವಳಿಗೆ ಅವನ ಮೇಲೆ ಇನ್ನೂ ಮಮತೆ ಇರಬಹುದು. ಇದ್ದರೆ ಅದನ್ನೂ ಹೇಳಿಕೊಳ್ಳಲು ಬಿಡು, ಬೈಯಬೇಡ. ಬೈದರೆ ಆ ಮಮತೆ ಹೋಗುವುದಿಲ್ಲ, ನಿಮ್ಮಿಂದ ಮುಚ್ಚಿಡಲು ಕಲಿಯುತ್ತಾಳೆ ಅಷ್ಟೇ.

ಬಾಯಿ ಮೂಸುವುದರ ಬಗ್ಗೆ. ಅವ್ವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 29 ವರ್ಷದ ಹೆಣ್ಣುಮಗಳು ದಿನಾ ಸಂಜೆ ಬಾಗಿಲಲ್ಲಿ ನಿಂತು ಬಾಯಿ ತೆರೆದು ತೋರಿಸುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೋ. ಆ ಹೊತ್ತಿನ ನಾಚಿಕೆ ತಡೆಯಲಾರದೆಯೇ ಅವಳಿಗೆ ಮತ್ತೆ ಕುಡಿಯಬೇಕೆನಿಸುತ್ತದೆ. ಈ ಕಾಯಿಲೆಯಲ್ಲಿ ಮರಳಿ ಬೀಳುವುದು ಅಪರೂಪವಲ್ಲ. ಬಿಪಿ, ಶುಗರ್ ಏರಿಳಿದ ಹಾಗೆ. ಬಿದ್ದಾಗ ಡಾಕ್ಟರ ಹತ್ತಿರ ಹೋಗಬೇಕು, ಔಷಧಿ ಬದಲಿಸಬೇಕೇ ಎಂದು ಕೇಳಬೇಕು. ಕುಡಿಯುವ ಆಸೆ ತಗ್ಗಿಸುವ ಗುಳಿಗೆಗಳೂ ಇವೆ. ಮೊಬೈಲ್ ಅವಳಿಗೆ ವಾಪಸ್ ಕೊಡಿ. ಅವನ ನಂಬರನ್ನು ಅವಳೇ ತನ್ನ ಕೈಯಾರೆ ಬ್ಲಾಕ್ ಮಾಡಲಿ.

ಮದುವೆ-ಕಾರ್ಯಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲಿ ಒಬ್ಬಳನ್ನೇ ಬಿಟ್ಟುಹೋದ ಮಧ್ಯಾಹ್ನಗಳೇ ಅವಳಿಗೆ ಕಷ್ಟದ ಹೊತ್ತು. ಸಾಧ್ಯವಾದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಶುರು ಮಾಡಿದ ಕೂಟ ಅದು. ಫೀಸು ಇಲ್ಲ, ಹೆಸರು ಹೇಳಬೇಕಿಲ್ಲ. ಅಲ್ಲಿ ಗಂಡಸರೇ ಜಾಸ್ತಿ ಇರುತ್ತಾರೆ, ಹಾಗಾಗಿ ಹೆಂಗಸರಿಗೆ ಮೊದಲು ಮುಜುಗರ. ಕುಡಿತ ಬಿಟ್ಟ ಇನ್ನೊಬ್ಬ ಹೆಂಗಸಿನ ಫೋನ್ ನಂಬರ್ ಕೇಳಿ ಪಡೆಯಿರಿ. ‘ನಂಗೂ ಹಿಂಗ ಆಗಿತ್ತವ್ವಾ’ ಎಂದು ಹೇಳುವ ಒಬ್ಬಳು ಸಿಕ್ಕರೆ, ನಾನು ಹತ್ತು ದಿನ ಕೂತು ಹೇಳುವುದು ಒಂದು ಫೋನಿನಲ್ಲಿ ಆಗುತ್ತದೆ.

ಸಮೀಕ್ಷೆಯ ಲೆಕ್ಕ ನೋಡಿದರೆ ಅಂಥವಳು ಸಿಗುವುದು ಏಕೆ ಕಷ್ಟ ಎಂದು ತಿಳಿಯುತ್ತದೆ. ಕೇಂದ್ರ ಸರ್ಕಾರ ದಿಲ್ಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವವರು ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. ಸಾವಿರಕ್ಕೆ ಹದಿನಾರು ಮಂದಿ. ಅವರಲ್ಲಿ ಪ್ರತಿಯೊಬ್ಬಳೂ ಇಡೀ ಜಿಲ್ಲೆಯಲ್ಲಿ ತಾನೊಬ್ಬಳೇ ಹೀಗೆ ಎಂದುಕೊಂಡು ಬಾಗಿಲು ಹಾಕಿಕೊಂಡಿರುತ್ತಾಳೆ.

ಪ್ರಶ್ನೆ: ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ, 21 ವರ್ಷ. ಪ್ರೀತಿಸುವ ಹುಡುಗ ಗಾಂಜಾ ಸೇದುತ್ತಾನೆ. ಅವನೊಂದಿಗೆ ನಾನೂ. ಬಿಡೋಣ ಎಂದರೆ ‘ನೀನು ಬೋರ್ ಆಗಿದ್ದೀಯಾ’ ಎನ್ನುತ್ತಾನೆ. ಬಿಟ್ಟರೆ ಅವನೂ ಹೋಗುತ್ತಾನೆ ಅನಿಸುತ್ತದೆ. ನಿದ್ದೆ ಇಲ್ಲ, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ.
– ವಿದ್ಯಾರ್ಥಿನಿ

ಉತ್ತರ: ಮಗಳೇ, ಒಂದು ಕೆಲಸ ಮಾಡು. ಮುಂದಿನ ಭಾನುವಾರ ಅವನನ್ನು ಬೆಳಿಗ್ಗೆ ಹೊತ್ತು ಭೇಟಿಯಾಗು. ಗಾಂಜಾ ಇಲ್ಲದೆ. ಚಿಗರಿ ಬಸ್ ಹತ್ತಿ ಉಣಕಲ್ ಕೆರೆಗೆ ಹೋಗಿ, ಎರಡು ತಾಸು ಸುಮ್ನೆ ಅಡ್ಡಾಡಿ ಬನ್ನಿ. ಆ ಎರಡು ತಾಸಿನಲ್ಲಿ ನಿಮ್ಮಿಬ್ಬರ ನಡುವೆ ಆಡಲು ಏನು ಮಾತು ಉಳಿದಿದೆ ಎಂದು ನಿನಗೇ ತಿಳಿಯುತ್ತದೆ. ಅವನು ಕೆಟ್ಟವನು ಎಂದು ನಾನು ಹೇಳುತ್ತಿಲ್ಲ. ಅವನಿಗೂ ನೆರವು ಬೇಕಿರಬಹುದು. ಆದರೆ ಅವನು ಬಿಡುವವರೆಗೆ ನೀನು ಕಾಯಬೇಕಿಲ್ಲ.

ದಿನಾ ಸೇದುತ್ತಿದ್ದರೆ, ಬಿಟ್ಟ ಮೇಲೆ ಒಂದೆರಡು ವಾರ ಸಿಡಿಮಿಡಿ, ನಿದ್ದೆಗೇಡು, ಊಟ ಸೇರದಿರುವುದು ಇರುತ್ತದೆ. ಅದು ತಗ್ಗುತ್ತದೆ. ಆ ದಿನಗಳಲ್ಲಿ ರೂಮಿನ ಗೆಳತಿಗೆ ಹೇಳಿ ಇರು. ಸಂಜೆ ಅವನು ಕರೆಯುವ ಹೊತ್ತಿಗೆ ಅವಳೊಂದಿಗೆ ಮೆಸ್ಸಿನಲ್ಲೋ ಲೈಬ್ರರಿಯಲ್ಲೋ ಇರು. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನೆಯವರಿಗೆ ಹೇಳುತ್ತಾರೆಂಬ ಭಯ ಬೇಡ. ನಿನಗೆ 18 ದಾಟಿದೆ, ಚಿಕಿತ್ಸೆಯ ತೀರ್ಮಾನ ನಿನ್ನದು. ನಿದ್ದೆ ಬರಲಿ ಎಂದು ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗಬೇಡ. ಅದರ ಚಟ ಬಿಡಿಸುವುದು ಇದಕ್ಕಿಂತ ಕಷ್ಟ.

ಪ್ರಶ್ನೆ: ನಾವು ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದವರು. ಎಂಟು ಜನ ಹೆಂಗಸರು ಒಟ್ಟಿಗೆ ಕೂರುತ್ತೇವೆ. ಘಾಟು ತಡೆಯಲು ಎಲ್ಲರೂ ತಂಬಾಕಿನ ಕಡ್ಡಿಪುಡಿ ಹಾಕುತ್ತೇವೆ. ಒಬ್ಬಳು ತಂದರೆ ಎಂಟು ಜನಕ್ಕೂ ಹಂಚಬೇಕು. ನನ್ನ ಬಾಯಲ್ಲಿ ಬಿಳಿ ಕಲೆಯಾಗಿದೆ. ಬಿಡಬೇಕೆಂದಿದ್ದೇನೆ. ಬೇಡ ಎಂದರೆ ‘ದೊಡ್ಡ ಮನುಷ್ಯಳಾದಿ’ ಎಂದು ಮುಖ ತಿರುಗಿಸುತ್ತಾರೆ.
– ಬ್ಯಾಡಗಿಯಿಂದ, ಮಗಳ ಕೈಯಲ್ಲಿ ಬರೆಸಿದ್ದು

ಉತ್ತರ: ಅಕ್ಕಾ, ಬಿಳಿ ಕಲೆಯನ್ನು ಈ ವಾರವೇ ತೋರಿಸಿ. ದಂತ ವೈದ್ಯರಾದರೂ ಸರಿ, ಸರ್ಕಾರಿ ಆಸ್ಪತ್ರೆಯಾದರೂ ಸರಿ. ಎಲ್ಲ ಕಲೆಯೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಕೆಲವು ಆಗುತ್ತವೆ. ಬೇಗ ತೋರಿಸಿದವರಿಗೆ ಉಳಿಯುವ ದಾರಿ ಇದೆ. ತಂಬಾಕು ಬಿಟ್ಟು ಬರೀ ಎಲೆ-ಅಡಿಕೆ ಹಾಕಿಕೊಳ್ಳುತ್ತೇನೆ ಎಂದೂ ಲೆಕ್ಕ ಹಾಕಬೇಡಿ. ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ.

ನಿಮ್ಮ ಗೆಳತಿಯರ ಮುನಿಸು ನನಗೆ ಗೊತ್ತು. ನಮ್ಮ ಕಡೆ ಸಂಚಿ ಬಿಚ್ಚಿ ಕೊಡುವುದು ಅಂದರೆ ‘ನೀ ನಮ್ಮಾಕಿ’ ಎಂದ ಹಾಗೆ. ಬೇಡ ಎಂದರೆ ಅವರಿಗೆ ಪುಡಿ ಬೇಡ ಎಂದು ಕೇಳುವುದಿಲ್ಲ, ನೀವು ಬೇಡ ಎಂದು ಕೇಳುತ್ತದೆ. ಅದಕ್ಕೇ ಒಬ್ಬರೇ ಬಿಡಲು ಹೋಗಬೇಡಿ. ಎಂಟು ಜನರಲ್ಲಿ ನಿಮಗೆ ಜೀವದ ಗೆಳತಿ ಯಾರೋ, ಅವಳಿಗೆ ಮೊದಲು ಬಾಯಿ ತೆರೆದು ಕಲೆ ತೋರಿಸಿ. ಅವಳ ಬಾಯನ್ನೂ ನೀವು ನೋಡಿ. ಇಬ್ಬರೂ ಒಂದೇ ದಿನ ಆಸ್ಪತ್ರೆಗೆ ಹೋಗಿ, ಒಂದೇ ದಿನ ಬಿಡಿ. ಘಾಟಿಗೆ ಮೂಗು-ಬಾಯಿಗೆ ಒದ್ದೆ ಅರಿವೆ ಕಟ್ಟಿಕೊಳ್ಳಿ. ಕಡ್ಡಿಪುಡಿ ಘಾಟನ್ನು ತಡೆಯುವುದಿಲ್ಲ, ಗಮನ ಆ ಕಡೆ ಹೋಗದ ಹಾಗೆ ಮಾಡುತ್ತದೆ ಅಷ್ಟೇ. ಸಂಚಿ ಮಾತ್ರ ಸೊಂಟದಲ್ಲೇ ಇರಲಿ. ಅದರೊಳಗೆ ಹುರಿದ ಶೇಂಗಾ, ಬೆಲ್ಲದ ಚೂರು, ನಾಲ್ಕು ಏಲಕ್ಕಿ ಇಟ್ಟುಕೊಳ್ಳಿ. ಎಂಟೂ ಜನಕ್ಕೆ ಹಂಚುವಷ್ಟು.